ಇಂದಿನ ವಿಶೇಷ

ಗೋಣಿಕೊಪ್ಪದ ಬಸ್‌ ಸ್ಟ್ಯಾಂಡಿನೆದುರು, ಔಷಧಿ ಅಂಗಡಿಯ ಮೇಲೆ,
ಹದಿನೇಳು ಮೆಟ್ಟಿಲು ಹತ್ತಿದರೆ ಆರು ಮೇಜು, ಒಂದು ಕಪ್ಪುಹಲಗೆ.
ಹಲಗೆ ಬರೆಯುವುದು ನನ್ನ ಕೆಲಸ.
ಕಾಗುಣಿತ ತಪ್ಪಿದರೂ ದೇಚವ್ವ ಒರೆಸಗೊಡುವುದಿಲ್ಲ:
‘ತಿಂದವರು ತಿದ್ದಿಕೊಳ್ತಾರೆ, ಬಿಡು.’

ಸೋಮವಾರ ಬರೆದೆ:
ಅಗಲ ಪಟ್ಟಿಯ ಪಾಸ್ತಾ, ಹಂದಿಮಾಂಸ, ಒಂದು ಹನಿ ಕಾಚಂಪುಳಿ.
ಒಂದೂವರೆಗೆಲ್ಲ ಪಾತ್ರೆ ಖಾಲಿ.
ಬುಧವಾರ ಕೊಳವೆ ಪಾಸ್ತಾ, ಜೊತೆಗೆ ಕಣಿಲೆ.
ಬ್ಯಾಂಕಿನ ಮ್ಯಾನೇಜರು ಒಂದೊಂದು ಕೊಳವೆಯನ್ನೂ ಕಣ್ಣಿಗಿಟ್ಟು
ಆಚೆ ಯಾರಿದ್ದಾರೆ ಎಂದು ನೋಡಿ ನೋಡಿ ತಿಂದರು.
ಗುಡುಗಿದ ಮರುದಿನ
ಏನು ಬರೆಯಬೇಕೆಂದು ನಾನು ಕೇಳುವುದೇ ಇಲ್ಲ. ಅಣಬೆ.

ಇವತ್ತು ಕೇಳಿದೆ.
‘ಕರಿಮೆಣಸು’ ಎಂದರು.
ಮತ್ತೆ?
‘ಚೀಸು. ಬೆಂದ ನೀರು ಒಂದು ಸೌಟು.’
ಅಷ್ಟೇನಾ?
‘ಅಷ್ಟೇ.’

ನಾನು ವಾಚನಾಲಯದಲ್ಲಿ ಓದಿಕೊಂಡವನು, ಸುಮ್ಮನಿರುವುದುಂಟೇ!
ಶುರು ಮಾಡಿದೆ: ಚೀನಾದಿಂದ ಯಾರೋ ಪ್ರವಾಸಿ
ಪೆಟ್ಟಿಗೆಯಲ್ಲಿ ಹೊತ್ತು ತಂದನೆಂಬುದು ಕಟ್ಟುಕತೆ, ದೇಚವ್ವ.
ಅವನು ಹುಟ್ಟುವ ಮೊದಲೇ ಸಿಸಿಲಿಯ ದಂಡೆಯಲ್ಲಿ
ಅರಬರಿಟ್ಟ ಹೆಸರು ಹೊತ್ತು ಒಣಗಿ
ಹಡಗು ಹತ್ತುತ್ತಿತ್ತು ಈ ಗೋಧಿಯ ಎಳೆ.
ಟೊಮೆಟೊ ಬಂದದ್ದು ಎಷ್ಟೋ ಆಮೇಲೆ, ಕರೆಯದ ನೆಂಟ,
ಈಗ ನೋಡಿ, ಮನೆ ಯಜಮಾನನೇ ಅವನು.
ನೇಪಲ್ಸಿನ ಬೀದಿಯಲ್ಲಿ ಬಡವರು
ಕತ್ತು ಹಿಂದಕ್ಕೆ ವಾಲಿಸಿ, ಕೈಯೆತ್ತಿ,
ಬಾಯೊಳಗೆ ಇಳಿಬಿಡುತ್ತಿದ್ದರಂತೆ, ಬಾವಿಗೆ ಹಗ್ಗ ಬಿಟ್ಟಂತೆ.
ಅದನ್ನೋದಿದ ಮೇಲೆ
ಕೈಯಲ್ಲಿ ತಿನ್ನುವವರ ಮುಂದೆ ನಾನು ಮುಳ್ಳುಚಮಚ ಇಡುವುದಿಲ್ಲ.
ಮೆಣಸಂತೂ ಇವರೆಲ್ಲರಿಗಿಂತ ಮೊದಲು ಹೋದದ್ದು!
ನಮ್ಮ ಈ ಬೆಟ್ಟಸಾಲಿನ ಕಾಳು ರೋಮಿನಲ್ಲಿಳಿದು
ಚಿನ್ನ ತೂಗಿಸಿಕೊಂಡು, ಸಾವಿರ ವರ್ಷ
ತನಗೊಬ್ಬ ಜೊತೆಗಾರ ಬರಲೆಂದು ಕಾದು ಕೂತಿತ್ತು.

‘ಒಣಗಿಸೋದು ಅಂದ್ಯಲ್ಲ’ ಒಳಗಿಂದ ಫಿಲೋಮಿನಾ ನಕ್ಕಳು.
ಹೋದ ಜುಲೈಯಲ್ಲಿ ನಾವೂ ಒಣಗಿಸಿದ್ದೆವು,
ಬಟ್ಟೆ ಹಗ್ಗದ ಮೇಲೆ, ಕೆಳಗೆ ಕೆಂಡವಿಟ್ಟು.
ಮೂರನೇ ದಿನಕ್ಕೆ ಎಳೆಯೆಳೆಗೂ ಹಸಿರು ಮೀಸೆ.
ಅದಕ್ಕೇ ಇರಬೇಕು, ಇಲ್ಲಿನ ಅಜ್ಜಿಯರು
ಅಕ್ಕಿಯನ್ನು ನೂಲು ಮಾಡಿದರು, ಬಿಸಿಲಿಗೆ ಕಾಯಲಿಲ್ಲ.
ಹಬೆಯಲ್ಲಿ ಬೆಂದ ಮುದ್ದೆ, ಒರಳಿನ ತೂತು, ಬಾಳೆಲೆ.
ನೂಪುಟ್ಟಿಗೆ ಆಯುಸ್ಸು ಒಂದೇ ಹೊತ್ತು,
ಆ ಹೊತ್ತಿನಲ್ಲಿ ಅದನ್ನು ಮೀರಿಸುವವರಿಲ್ಲ.

ದೇಚವ್ವ ಮೆಣಸು ಕುಟ್ಟುತ್ತಿದ್ದರು, ತೀರ ನುಣ್ಣಗಲ್ಲ.
‘ನಿನ್ನ ಪುಸ್ತಕದಲ್ಲಿ ನಮ್ಮಪ್ಪ ಇಲ್ಲ’ ಎಂದರು.

ಅಪ್ಪ ಪೆಮ್ಮಯ್ಯ, ಸೇನೆಯ ಲಾರಿ ಡ್ರೈವರು, ನಲವತ್ನಾಲ್ಕರ ಇಟಲಿ.
ಯುದ್ಧದ ಬಗ್ಗೆ ಕೇಳಿದರೆ ಹಿಟ್ಟಿನ ಬಗ್ಗೆ ಹೇಳುತ್ತಿದ್ದ ಮನುಷ್ಯ.
ಸೂರು ಹಾರಿಹೋದ ಒಂದು ಮನೆ,
ಒಳಗೊಬ್ಬಳು ಮುದುಕಿ,
ಖಾಲಿ ಬಾಟಲಿಯಲ್ಲಿ ಹಿಟ್ಟು ಲಟ್ಟಿಸಿ, ಚಾಕುವಿನಲ್ಲಿ ಕೊಯ್ದು,
ಬೇಯಿಸಿ, ಮುಂದಿಟ್ಟಳಂತೆ. ಉಪ್ಪೂ ಇಲ್ಲ.
ಅಪ್ಪ ಜೇಬಿಗೆ ಕೈ ಹಾಕಿದ.
ನಶ್ಯದ ಡಬ್ಬಿಯಲ್ಲಿ ಅವನವ್ವ ತುಂಬಿಕೊಟ್ಟ ಮೆಣಸು
ತಳದಲ್ಲಿ ಇನ್ನೂ ಒಂದಿಷ್ಟಿತ್ತು.
ಚಾಕುವಿನ ಹಿಡಿಯಲ್ಲಿ ಜಜ್ಜಿ ಇಬ್ಬರ ತಟ್ಟೆಗೂ ಉದುರಿಸಿದ.
ಮುದುಕಿ ಸೀನಿದಳು. ಅಪ್ಪನೂ ಸೀನಿದ.
‘ಇಬ್ಬರೂ ಮಾತಾಡಿದ್ದು ಅಷ್ಟೇ’ ಎಂದರು ದೇಚವ್ವ.

ಅವಳ ಹೆಸರು?
‘ಕೇಳಲಿಲ್ಲವಂತೆ. ಆಮೇಲೆ ಸಾಯೋವರೆಗೂ
ಆ ಮಾತಿಗೆ ಬಂದಾಗೆಲ್ಲ ತಲೆ ಚಚ್ಚಿಕೊಳ್ತಿದ್ದ.’

ಹಲಗೆಯ ಮೇಲೆ ಬರೆದೆ:
ಹೆಸರು ಕೇಳದೆ ಬಂದ ಮುದುಕಿಯ ಪಾಸ್ತಾ, ನೂರ ಎಂಬತ್ತು.
ದೇಚವ್ವ ಓದಿದರು. ಮೊದಲ ಸಲ
ಬಟ್ಟೆ ತಂದು, ಬೆಲೆಯನ್ನು ಮಾತ್ರ ಒರೆಸಿ
ನೂರ ಇಪ್ಪತ್ತು ಮಾಡಿದರು.

ಮೊದಲು ಹತ್ತಿ ಬಂದವನು ಕುಟ್ಟದ ಬಸ್ಸಿನ ಕಂಡಕ್ಟರು.
ಬಸ್ಸು ಹೊರಡಲು ಒಂಬತ್ತು ನಿಮಿಷ.
ಹಲಗೆ ನೋಡಿದ, ನನ್ನ ನೋಡಿದ,
ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.
‘ಯಾರೀ ಅದು ಮುದುಕಿ? ಇರಲಿ,
ಹಾಫ್ ಪ್ಲೇಟ್ ಸಿಗುತ್ತಾ?’

ಸಿಗುತ್ತೆ ಎಂದೆ.
ಒಳಗೆ ಫಿಲೋಮಿನಾ ಆಗಲೇ ಸೀನಿದ್ದಳು.