ಒಳಚಿಲಕ

ಊರಿನ ನಕ್ಷೆ ಬರಿ ಅಂದರೆ ನಾನು ಬಾಗಿಲು ಬರೆಯುತ್ತೇನೆ.
ಹೊಸ ಬಸ್ ಸ್ಟ್ಯಾಂಡು: ಐದು ರೂಪಾಯಿ, ಚಿಲ್ಲರೆ ಇಲ್ಲದಿದ್ದರೆ ಜಗಳ.
ಸಾಲಗಾಮೆ ರಸ್ತೆಯ ಬೇಕರಿ: ಒಲೆಯ ಹಿಂದೊಂದು,
ಪಫ್ಸ್ ಕೊಂಡವರಿಗೆ ಮಾತ್ರ ಬೀಗದ ಕೈ.
ಪಾರ್ಕಿನದಕ್ಕೆ ಬಾಗಿಲುಂಟು, ಒಳಚಿಲಕವಿಲ್ಲ,
ಒಂದು ಕಾಲು ಚಾಚಿ ಒತ್ತಿ ಹಿಡಿದಿರಬೇಕು.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಯಾವುದೂ ಸಿಗಲಿಲ್ಲ.
ಮೂರು ವರ್ಷ ಅತ್ತ ಹೋಗಲೇ ಇಲ್ಲ.

ಹದಿನಾರಕ್ಕೆ ಶುರು.
ಮೊದಲು ಮೂಲವ್ಯಾಧಿ ಅಂದರು, ಮೂಲಂಗಿ ತಿನ್ನಿಸಿದರು.
ಆಮೇಲೆ ಉಷ್ಣ ಅಂದರು, ಕಾಮಕಸ್ತೂರಿ ಬೀಜ ನೆನೆಸಿದರು.
ಅರಸೀಕೆರೆಯ ದೊಡ್ಡತ್ತೆ ತಾಯಿತ ತಂದಳು.
ಲೆಕ್ಕ ಇಟ್ಟವಳು ನಾನೊಬ್ಬಳೇ,
ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಐದೈದು ಗೀಟಿನ ಕಟ್ಟು,
ಮಂಡಿಯಲ್ಲಿ ಅಪ್ಪ ಆಲೂಗಡ್ಡೆ ಮೂಟೆ ಎಣಿಸುವ ಹಾಗೆ.
ಒಂದು ದಿನ ಇಪ್ಪತ್ತೆರಡು.
ಕೆಂಪು ಪೆನ್ನಿನಲ್ಲಿ ಬರೆದ ಗೀಟುಗಳು ಅಂದಕ್ಕಲ್ಲ.

ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಮೂರು ಸಲ ಎದ್ದೆ.
ನಾಲ್ಕನೆಯ ಸಲ ಮೇಡಂ ದುಪಟ್ಟಾ ಝಾಡಿಸಿ ಚೀಟಿ ಹುಡುಕಿದರು.
ಫಲಿತಾಂಶ ಮೊಬೈಲಿಗೆ ಬಂತು:
ಬಿಂದುಶ್ರೀ ಎಂ. ಆರ್., ಅನುತ್ತೀರ್ಣ.

ಸರ್ಜನ್ ಔಷಧಿ ಚೀಟಿಯ ಬೆನ್ನಿಗೆ ದೊಡ್ಡ ಕರುಳು ಬರೆದರು,
ನೆಟ್ಟಗಿಲ್ಲದ ಪ್ರಶ್ನೆಚಿಹ್ನೆಯಂತೆ.
ಬರೆದದ್ದನ್ನೆಲ್ಲ ಅಡ್ಡಗೆರೆಯಿಂದ ಹೊಡೆದುಹಾಕಿದರು.
ಅಪ್ಪ: ಎಷ್ಟಾಗುತ್ತೆ ಸಾರ್?
ಅಮ್ಮ: ಇವಳ ಮದುವೆ?
ನಾನು: ಆಮೇಲೆ ದಿನಕ್ಕೆ ಎಷ್ಟು ಸಲ?
ಅವರು ನನ್ನ ಕಡೆಗೇ ತಿರುಗಿದರು.
ಐದೋ ಆರೋ. ರಾತ್ರಿ ಒಂದು.
ಕೆಲವರಿಗೆ ಉರಿ ಮರಳುತ್ತೆ. ಕೆಲವರಿಗೆ ಮತ್ತೊಂದು ಆಪರೇಷನ್.
ಆ ಕೆಲವರು ಯಾರು ಅಂತ ಮುಂಚೆ ಗೊತ್ತಾಗಲ್ಲಮ್ಮ.

"ಕರುಳು ಚುರುಕ್ ಅನ್ನುತ್ತೆ ಕಣೇ" ಎಂದು ಅಮ್ಮ ತಲೆ ಸವರಿದಳು.
ಅವಳದು ಮಾತಿಗೆ.
ನನ್ನದು ಅಷ್ಟರಲ್ಲಿ ಡಬ್ಬಿಯಲ್ಲಿ ಲ್ಯಾಬಿಗೆ ಹೋಗಿತ್ತು.

ಏಳು ತಿಂಗಳು ಹೊಟ್ಟೆಯ ಮೇಲೆ ಚೀಲ.
"ಗುಲಾಬಿ ಮೊಗ್ಗಿನ ಹಾಗಿದೆ ನೋಡು" ಎಂದಳು ನರ್ಸ್ ಸೆಲೆಸ್ಟಿನ್.
ಮೊಗ್ಗಲ್ಲ ಸಿಸ್ಟರ್, ಕರುಳು, ಅಂದೆ.
ನಕ್ಕಳು. ಹೊಲಿಗೆ ಎಳೆಯುವಂತೆ ನಾನೂ ನಕ್ಕೆ.
ಚೀಲಕ್ಕೆ ಹೊತ್ತುಗೊತ್ತು ತಿಳಿಯದು.
ಕಾಲೇಜಿನಲ್ಲಿ ಯಾರಿಗೋ ಎರಡು ನಿಮಿಷದ ಮೌನ,
ಸರಿಯಾಗಿ ಆಗಲೇ ಅದು ಬಾಯಿ ಬಿಟ್ಟಿತು.
ಪಕ್ಕದ ಸಮೀನಾ ತನ್ನ ಹೊಟ್ಟೆ ಹಿಡಿದುಕೊಂಡು
"ಸಾರಿ, ತಿಂಡಿ ತಿಂದಿಲ್ಲ" ಅಂದಳು, ಎಲ್ಲರಿಗೂ ಕೇಳುವಂತೆ.
ಆ ಸಾಲ ಇನ್ನೂ ತೀರಿಸಿಲ್ಲ.

ಚೀಲ ಹೋಯಿತು. ಸಣ್ಣ ಕರುಳನ್ನೇ ಮಡಿಸಿ ಒಳಗೊಂದು ಸಂಚಿ ಹೊಲಿದರು.
ಈಗ ಆರು.
ಹೋದ ತಿಂಗಳು ಹತ್ತು ದಿನ ಹನ್ನೊಂದಕ್ಕೆ ಏರಿತ್ತು,
ಹಳೆಯ ನೋಟ್‌ಬುಕ್ಕು ಹುಡುಕಿ ತೆಗೆದೆ, ಮಾತ್ರೆ ನುಂಗಿದೆ, ಇಳಿಯಿತು.
ಕೆಮಿಸ್ಟ್ರಿ ಪಾಸು, ನಲವತ್ತೊಂದು.
ಡಾಕ್ಟರ ಫೈಲಿನಲ್ಲಿ ನನ್ನ ಮುಂದೆ "ತೃಪ್ತಿಕರ" ಎಂದಿದೆಯಂತೆ.
ಇಡ್ಲಿ ಹಿಟ್ಟು ಹುದುಗಿದರೂ ಅಮ್ಮ ಹಾಗೇ ಅನ್ನುತ್ತಾಳೆ.

ನಿನ್ನೆ ಹಾರ್ಡ್‌ವೇರ್ ಅಂಗಡಿಯಲ್ಲಿ ನಲವತ್ತು ರೂಪಾಯಿಗೊಂದು ಚಿಲಕ,
ನಾಲ್ಕು ಸ್ಕ್ರೂ. ಅಪ್ಪನ ಸ್ಕ್ರೂಡ್ರೈವರು ಬ್ಯಾಗಿನಲ್ಲಿ.
ಪಾರ್ಕಿನ ಕಾವಲಿನವನು ನೋಡಿಯೂ ನೋಡದಂತೆ ಬೀಡಿ ಹಚ್ಚಿದ.
ಒಂದು ಸ್ಕ್ರೂ ಸೊಟ್ಟಗಾಯಿತು. ಇರಲಿ.
ಒಳಗೆ ಹೋಗಿ ಹಾಕಿ ನೋಡಿದೆ,
ಎರಡೂ ಕಾಲು ನೆಲದ ಮೇಲೆ.

ಹೊರಗಿನಿಂದ ಯಾರೋ ತಟ್ಟಿದರು.
ಇದ್ದೀನಿ, ಅಂದೆ.