ಮರಳಿನ ರುಚಿ

ಮೊದಲು ಬಂದವನು ತಂಪು ಕನ್ನಡಕ ತಲೆಯ ಮೇಲಿಟ್ಟಿದ್ದ.
ಮೊಬೈಲಿನೊಳಗೆ ನನ್ನ ಮನೆ ಆಗಲೇ ಕಟ್ಟಿ ಮುಗಿಸಿದ್ದ:
ಗಾಜಿನ ಬಾಲ್ಕನಿ, ಅದರಲ್ಲೊಂದು ಹೂಕುಂಡ,
ಕುಂಡದ ಪಕ್ಕ ಕಾಫಿ ಹೀರುವ ಹೆಂಗಸು.
ಇವಳು ಯಾರಪ್ಪ, ಅಂದೆ.
ನೀವೇ ಅಂತ ತಿಳಿಯಿರಿ ನೆಜಿಹೆ ಹಾನಂ, ಅಂದ.

ನಾನು ಲಾರೆಲ್ ಎಣ್ಣೆಯ ಸೋಪು ಕುದಿಸುವವಳು.
ನನ್ನ ಉಗುರು ಯಾವತ್ತೂ ಹಸಿರು.

ಎರಡನೆಯವನು ಅರ್ಧ ದುಡ್ಡಿಗೆ ಬಂದ.
ಆರು ತಿಂಗಳು, ಅಂದ. ಸುಮ್ಮನಿದ್ದೆ. ನಾಲ್ಕು, ಅಂದ.
ಇನ್ನೂ ಸುಮ್ಮನಿದ್ದಿದ್ದರೆ
ಸಂಜೆಗೇ ಬೀಗದ ಕೈ ಕೊಡುತ್ತಿದ್ದನೇನೋ.

ಇಬ್ಬರಿಗೂ ಒಂದೇ ಮಾತು:
ಗೋಡೆಗೆ ಹಾಕುವ ಮರಳು ಒಂದು ಹಿಡಿ ತಂದು ತೋರಿಸಿ.

ಕಂಟೇನರ್ ಬೀದಿಯೆಲ್ಲ ನಕ್ಕಿತು.
ವರನ ಕುಲ ಕೇಳುವ ಹಾಗೆ
ಮುದುಕಿ ಮರಳಿನ ಕುಲ ಕೇಳುತ್ತಾಳೆ.

ಕೇಳಬೇಕಿತ್ತು, ಮೊದಲೇ.
ಅಂತಾಕ್ಯದ ಆ ಐದನೇ ಮಹಡಿಯಲ್ಲಿ
ಗಾರೆ ಉದುರಿದಲ್ಲೆಲ್ಲ ಚಿಪ್ಪುಗಳಿದ್ದವು,
ಕಿರುಬೆರಳ ಉಗುರಿನಷ್ಟು, ಗುಲಾಬಿ.
ಫೆರಾಯ್ ಚಮಚದಲ್ಲಿ ಕೆರೆದು ತೆಗೆದು ದಾರಕ್ಕೆ ಪೋಣಿಸಿದಳು.
ಸಮುದ್ರ ಅಷ್ಟು ದೂರದಿಂದ
ನಮ್ಮ ಗೋಡೆಯೊಳಕ್ಕೇ ನಡೆದು ಬಂದಿದೆಯಲ್ಲ ಎಂದು
ಖುಷಿಪಟ್ಟೆವು. ಖುಷಿಪಟ್ಟೆವು ನಾವು.
ಬಂದವರಿಗೆಲ್ಲ ಕರೆದು ತೋರಿಸಿದೆವು.

ಅದು ಬಿದ್ದ ಬೆಳಗಿನ ಜಾವವನ್ನು ಹೇಳಲಾರೆ.
ಇಷ್ಟೇ: ಬಾಗಿಲು ಒಳಕ್ಕೆ ತೆರೆಯುತ್ತಿತ್ತು.

ಮೊದಲನೆಯವನ ಮರಳು ಚಂದದ ಡಬ್ಬಿಯಲ್ಲಿ ಬಂತು.
ಚಿಟಿಕೆ ತೆಗೆದು ನಾಲಿಗೆಗಿಟ್ಟೆ.
ನಲವತ್ತು ವರ್ಷ ಹಂಡೆಯ ಕ್ಷಾರದ ಹದ ನೋಡಿದ ನಾಲಿಗೆ ಇದು,
ಇದಕ್ಕೆ ಸುಳ್ಳು ಹೇಳುವುದು ಕಷ್ಟ.
ಉಪ್ಪು.
ಮುಚ್ಚಳ ಹಾಕಿ ವಾಪಸು ಕೊಟ್ಟೆ.
ಎರಡನೆಯವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮೂರನೆಯವನು ವೆಯ್ಸೆಲ್ ಉಸ್ತಾ.
ಬೂಟಿನ ಹಿಮ್ಮಡಿ ತುಳಿದು ಚಪ್ಪಲಿಯ ಹಾಗೆ ಮೆಟ್ಟಿದ್ದ.
ಮಾತು ಕಮ್ಮಿ, ಕೆಮ್ಮು ಜಾಸ್ತಿ.
ಎಷ್ಟು ಕಟ್ಟಿದ್ದೀಯ, ಅಂದೆ.
ಹನ್ನೊಂದು. ಒಂಬತ್ತು ನಿಂತಿವೆ.
ಇನ್ನೆರಡು?
ನೆಲ ನೋಡುತ್ತ ಬೀದಿಯ ಹೆಸರು ಹೇಳಿದ,
ಕಬ್ಬಿಣ ಎಲ್ಲಿ ಕಮ್ಮಿ ಹಾಕಿಸಿದರು, ತಾನು ಎಲ್ಲಿ ಸುಮ್ಮನಿದ್ದೆ, ಹೇಳಿದ.
ಆಮೇಲೆ ಒಳಗಿದ್ದವರ ಹೆಸರು,
ಒಂದೊಂದಾಗಿ,
ಕೊನೆಯದು ತೀರಾ ಚಿಕ್ಕದು, ಎರಡೇ ಅಕ್ಷರ.

ಜೇಬಿನಿಂದ ಬೀಜದ ಪೊಟ್ಟಣದಂಥದ್ದು ಬಿಚ್ಚಿದ.
ನಾನು ಕೈ ಚಾಚುವ ಮೊದಲು
ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ.
ಮರಳು ಸರಿ ಅಕ್ಕ, ಅಂದ.
ನಿನ್ನ ಬಾವಿಯ ನೀರನ್ನೂ ನೋಡಬೇಕು.

ಇವನನ್ನೇ?
ಪಕ್ಕದ ಕಂಟೇನರಿನ ಮ್ಯುನೆವ್ವೆರ್ ಬಟ್ಟೆ ಹಿಂಡುತ್ತ ಕೇಳಿದಳು.
ಎರಡು ಕೆಡವಿದವನನ್ನೇ?
ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.
ಕೆಲವು ರಾತ್ರಿ ಅವಳೇ ಸರಿ ಅನ್ನಿಸಿ
ಎದ್ದು ಕೂರುತ್ತೇನೆ.

ಶನಿವಾರ ಕಿತ್ತಳೆ ತೋಟದ ಅಂಚಿಗೆ ಹೋದೆವು.
ಅವನು ಗೂಟ ಹೊಡೆದ, ನಾನು ದಾರ ಹಿಡಿದೆ,
ಸೋಪಿನ ಪೆಟ್ಟಿಗೆ ಕಟ್ಟುವ ದಾರ.
ಇಲ್ಲಿ ಒಲೆ. ಇಲ್ಲಿ ಹಾಸಿಗೆ.
ಇಲ್ಲಿ ಮೆಣಸಿನಕಾಯಿ ಹರವಲು ಬಿಸಿಲು.
ಮೇಲೆ ಮಹಡಿ? ಬೇಡ.
ತಾರಸಿ? ತಗಡು ಸಾಕು,
ಬಿದ್ದರೆ ಸದ್ದಾಗಲಿ, ಅಷ್ಟೇ.
ಕೋಣೆ ಎಷ್ಟು?
ಬೆರಳು ಮಡಚಲು ಹೋಗಿ ನಿಲ್ಲಿಸಿದೆ.
ಒಂದು, ಅಂದೆ.
ಅವನು ಎರಡು ಎಂದು ಬರೆದುಕೊಂಡ.
ನಾನು ತಿದ್ದಲಿಲ್ಲ.

ಅಡಿಪಾಯಕ್ಕೆ ಇನ್ನೂ ಸನಿಕೆ ತಾಗಿಲ್ಲ.
ಮಣ್ಣಿನ ವರದಿ ಬರಬೇಕು, ಸರ್ಕಾರದ ಸೀಲು ಬೀಳಬೇಕು,
ಹಂಡೆ ಮಾರಿದ ದುಡ್ಡು ಕೈಗೆ ಸಿಗಬೇಕು.
ಆದರೂ ಹೊರಡುವಾಗ ದಾರದ ಹತ್ತಿರ ತಡೆದು
ಬಾಗಿಲು ಯಾವ ಕಡೆ, ಎಂದು ಕೇಳಿದ.
ಗಾಳಿಗೆ ಅಂಗೈ ಒತ್ತಿ
ಹೊರಕ್ಕೆ ತಳ್ಳಿ ತೋರಿಸಿದೆ.
ಒಮ್ಮೆ. ಮತ್ತೊಮ್ಮೆ.

ಅವನು ಪಕ್ಕಕ್ಕೆ ಸರಿದು
ದಾರಿ ಬಿಟ್ಟು ನಿಂತ.