ವಾಲ್ ಚಾವಿ

ಸ್ಮರಣ ಸಂಚಿಕಿ ಮಾಡಾಕತ್ತೇವಿ, ನಗರದ ಮಹತ್ವದ ಘಟನೆ
ನಿಮಗ ನೆನಪಿದ್ದದ್ದು ಹೇಳ್ರಿ ಅಂತೀರಿ.
ಚಹಾ ತರಿಸ್ರಿ ಮೊದಲ.

ರಾಜಧಾನಿ ಅಲ್ಲರೀ ನಮ್ಮೂರು. ಛೋಟಾ ಮುಂಬೈ ಅಂತಾರ,
ವ್ಯಾಪಾರದ ರಾಜಧಾನಿ ಅಂತಾರ ಭಾಷಣದಾಗ.
ನಾ ನೋಡಿದ ಹುಬ್ಬಳ್ಳಿ ಎಲ್ಲಾ ನೆಲದ ಕೆಳಗಿಂದು:
ಆರಿಂಚಿನ ಬೀಡಿನ ಪೈಪು, ಅದರ ಬಗಲಾಗ ನಾಲ್ಕಿಂಚಿಂದು,
ಎಲ್ಲಿ ಹೊಳ್ಳತಾವ, ಎಲ್ಲಿ ಸೋರತಾವ.
ನಕ್ಷೆ ಕಚೇರ್ಯಾಗ ಗೆದ್ದಲ ತಿಂತು,
ನನ್ನ ಕಾಲಾಗ ಉಳದೈತಿ.

ಉಣಕಲ್ ಕೆರಿ ನೀರು ಕುಡದಾವ್ರು ನಮ್ಮಪ್ಪ.
ಮಲಪ್ರಭಾ ಬಂದ ದಿನ ಓಣ್ಯಾಗ
ನಳಕ್ಕ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡದ್ರು.
ನಳ ಅರ್ಧಾ ತಾಸು ಬರೇ ಗಾಳಿ ಉಗುಳ್ತು,
ಆಮ್ಯಾಲ ಕೆಂಪು ರಾಡಿ, ಆಮ್ಯಾಲ ನೀರು.
ಭಾಷಣದಾವ್ರು ಅಷ್ಟೊತ್ತಿಗೆ ಹೋಗಿದ್ರು.

ಮಿಲ್ಲಿನ ಭೋಂಗಾ ನಿಂತ ಮುಂಜಾನಿ ಬರಕೊಳ್ರಿ ಬೇಕಾದ್ರ.
ಅದನ್ನ ಕೇಳೇ ಏಳಕ್ಕ ವಾಲ್ ತಿರುವಾಂವ ನಾ.
ಅವತ್ತು ಹೊತ್ತಾತು. ಬೈಸಿಕೊಂಡೆ.

ಊರ ಹೆಸರು ತಿದ್ದಿದಾಗ ಬೋರ್ಡಿಗೆಲ್ಲಾ ಬಣ್ಣಾ ಬಿತ್ತು.
ನಾವು ಮೊದಲಿಂದ ಹುಬ್ಬಳ್ಳಿನ ಅಂತಿದ್ವಿ.

ಕರ್ಫ್ಯೂ. ಅದನ್ನ ಬರೀತೀರೋ ಇಲ್ಲೋ.
ನಾಕು ದಿನ. ರಸ್ತಾದಾಗ ನಾಯಿ, ಪೊಲೀಸ್ರು, ನಾನು;
ಕಿಸೇದಾಗ ಪಾಸು, ಹೆಗಲಮ್ಯಾಲ ಎದಿಯುದ್ದದ ಚಾವಿ.
ಹೊಸಾ ಫೌಜುದಾರ ತಡದ: ಹೆಸರೇನು?
ಫಕ್ಕೀರಪ್ಪ.
ಯಾವ ಕಡೆಯಂವ?
ಶಿರಹಟ್ಟಿ ಕಡೆಯಂವ ಸಾಹೇಬ್ರ, ಅಂದೆ.
ಆ ಕಡೆ ಈ ಹೆಸರು ಎರಡೂ ಮನ್ಯಾಗ ಇಡತಾರ.
ಹೇಳಿಕೋತ ನಿಲ್ಲಲಿಲ್ಲ.

ಒಂದ ವಾಲ್, ಎರಡು ಓಣಿ.
ಮ್ಯಾಗಿಂದಕ್ಕ ತಾಸು, ಕೆಳಗಿಂದಕ್ಕ ತಾಸು, ನೇಮ.
ಬಂದ್ ಮಾಡಾಕ ಬಗ್ಗಿದ್ದೆ, ಮಾಳಿಗಿ ಮ್ಯಾಲಿಂದ
ಹೆಣಮಗಳೊಬ್ಬಾಕಿ ಒದರಿದ್ಲು:
"ಸೊಸಿಗೆ ಬ್ಯಾನಿ ಎದ್ದಾವೋ ಫಕ್ಕೀರಣ್ಣ, ನೀರು ನಿಲ್ಲಸಬ್ಯಾಡೋ!"
ಯಾವ ಓಣ್ಯಾಕಿ? ಅದನ್ನ ಹೇಳಂಗಿಲ್ಲ.

ಚಾವಿ ಗ್ವಾಡಿಗೆ ಆನಿಸಿ ಕೂತೆ.
ಬೆಳತನಕಾ ಎರಡೂ ಓಣ್ಯಾಗ ನೀರು.
ಕೊಡಾ ತುಂಬಿ, ಹಂಡೆ ತುಂಬಿ, ಗಟಾರ ತುಂಬಿ
ರಸ್ತಾಕ್ಕ ಹರದು, ಸುಟ್ಟ ಟೈರಿನ ಮಸೀ
ತಾನಾಗೇ ತೊಳಕೊಂಡು ತಗ್ಗಿಗೆ ಹೋತು.

ಇಷ್ಟು ವರ್ಷದ ನೌಕರ್ಯಾಗ ದಫ್ತರದೊಳಗ
ನನ್ನ ಹೆಸರು ಒಂದ ಸಲ ಬಂದೈತಿ, ಮೆಮೊದಾಗ:
ಫ. ವಾಲೀಕಾರ, ನೀರು ಪೋಲು ಮಾಡಿದ್ದಕ್ಕೆ
ಎರಡು ದಿನದ ಪಗಾರ ಕಡಿತ.
ನಂಬರು ಬೇಕಾದ್ರ ಐತಿ ನನ್ನ ಹಂತೇಕ. ಸಂಚಿಕ್ಯಾಗ ಹಾಕ್ರಿ.

ಕೂಸು ಹೆಣ್ಣು ಅಂತ ಕೇಳಿದೆ.
ನೋಡಿಲ್ಲ.